ಷಡ್ಡಕರ ಸರೌಂಡ್ ಸೌಂಡು

ಷಡ್ಡಕರ ಸಂಬಂಧ ಎಂಥದ್ದೆಂದರೆ, ಒಬ್ಬರ ಮನೆಗೆ ಹೊಸ ಸಾಮಾನು ಬರುವ ಮೊದಲೇ ಅದರ ಸುದ್ದಿ ಇನ್ನೊಬ್ಬರ ಮನೆಗೆ ಬಂದು ಕೂತಿರುತ್ತದೆ. ನನ್ನ ಹೆಂಡತಿಯ ಅಕ್ಕನ ಯಜಮಾನರು ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಚೌಕಾಸಿ ಮಾಡಿ ಹೋಮ್ ಥಿಯೇಟರ್ ಕೊಂಡ ಸಂಗತಿ ನಮಗೆ ಗೊತ್ತಾದಾಗ ಅವರಿನ್ನೂ ಆಟೋ ಹತ್ತಿರಲಿಲ್ಲ. ಐದು ಸ್ಪೀಕರು, ಒಂದು ಸಬ್ ವೂಫರು, ಇಷ್ಟರ ಮೇಲೂ ಯಜಮಾನಿಕೆ ಮಾಡಲು ಒಂದು ರಿಸೀವರು. ರಾತ್ರಿ ಫೋನು ಬಂತು. “ಡಾಲ್ಬಿ ಡಿಜಿಟಲ್ ರೀ, ಫೈವ್ ಪಾಯಿಂಟ್ ಒನ್! ಭಾನುವಾರ ಎಲ್ಲರೂ ಊಟಕ್ಕೆ ಬಂದುಬಿಡಿ.”

ಊಟ ನೆಪ, ಸ್ಪೀಕರ್ ದರ್ಶನ ಮುಖ್ಯ ಅನ್ನುವುದು ಯಾರಿಗೆ ಗೊತ್ತಾಗುವುದಿಲ್ಲ? ಹೋದೆವು. ಸೋಫಾದ ನಟ್ಟನಡುವೆ ನನ್ನನ್ನು ಕೂರಿಸಿ, ರಿಮೋಟು ಒತ್ತಿ, ಹುಬ್ಬು ಹಾರಿಸಿ, “ಹೇಗಿದೆ ಎಫೆಕ್ಟು?” ಅಂದರು. ಟೀವಿಯ ಅಕ್ಕಪಕ್ಕದ ಎರಡು ಸ್ಪೀಕರು ಮಾತ್ರ ಮಾತಾಡುತ್ತಿದ್ದವು. ಉಳಿದ ಮೂರಕ್ಕೂ ಮೌನವ್ರತ. ರಿಸೀವರಿನ ಮುಖದ ಮೇಲೆ ನೀಲಿ ಬೆಳಕಿನ ಪುಟ್ಟ ಅಕ್ಷರಗಳಲ್ಲಿ ‘ಪಿಸಿಎಂ’ ಎಂದಿತ್ತು. ಅದರ ಪಕ್ಕದಲ್ಲೇ ಡಾಲ್ಬಿಯ ಸ್ಟಿಕ್ಕರು ಮಿರಮಿರ ಮಿಂಚುತ್ತಿತ್ತು. ಷಡ್ಡಕರು ಓದಿಕೊಂಡಿದ್ದು ಸ್ಟಿಕ್ಕರನ್ನು.

“ಊಟ ಆಗಲಿ, ನೋಡೋಣ” ಅಂದೆ. ಒಳಗೆ ಹೋಳಿಗೆ ಬೇಯುತ್ತಿರುವಾಗ ಕಹಿ ಸತ್ಯಗಳನ್ನು ಆಡಬಾರದು.

ಈ ಡಾಲ್ಬಿ ಅನ್ನುವುದು ಒಬ್ಬ ಮನುಷ್ಯನ ಹೆಸರು. ರೇ ಡಾಲ್ಬಿ ಅಮೆರಿಕದವನಾದರೂ 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರನಾಗಿ ನಮ್ಮ ದೇಶದಲ್ಲೇ ಇದ್ದ. ಇಲ್ಲಿಂದ ಹೋದವನು 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆರೆದ. ಮೊದಲು ಮಾರಿದ ಸಾಮಾನು ಯಾವುದು ಹೇಳಿ? ಗದ್ದಲ ತಗ್ಗಿಸುವ ಯಂತ್ರ! ಟೇಪಿನ ಹಿಸ್ಸೆನ್ನುವ ಸದ್ದು ಅಡಗಿಸಲಿಕ್ಕೆ ಮಾಡಿದ್ದು ಅನ್ನುತ್ತಾರೆ, ಇರಲಿ. ನಮ್ಮಲ್ಲಿ ಎರಡು ವರ್ಷ ಕಳೆದವನಿಗೆ ಗದ್ದಲ ತಗ್ಗಿಸುವ ಯೋಚನೆ ಬರದಿದ್ದರೆ ಆಶ್ಚರ್ಯಪಡಬೇಕಿತ್ತು. ಅದೇ ಕಂಪನಿಯವರು ಮುಂದೆ 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರಕ್ಕೆ, ಫಿಲ್ಮಿನ ಅಂಚಿನ ತೂತುಗಳ ನಡುವೆ ಉಳಿದ ಚೂರು ಜಾಗದಲ್ಲಿ ಡಿಜಿಟಲ್ ಚುಕ್ಕಿ ಮುದ್ರಿಸಿ, ಗದ್ದಲವನ್ನು ಆರು ದಾರಿಗಳಲ್ಲಿ ಹರಿಯಬಿಟ್ಟರು. ಎಡ, ಬಲ, ನಡು, ಹಿಂದಿನ ಎಡ, ಹಿಂದಿನ ಬಲ, ಮತ್ತೆ ಗುಡುಗು-ಸ್ಫೋಟಗಳಿಗೆಂದೇ ಒಂದು. ಈ ಆರನೆಯದಕ್ಕೆ 120 ಹರ್ಟ್ಸ್‌ಗಿಂತ ಮೇಲೆ ಬಾಯಿ ಬಿಡುವ ಅಧಿಕಾರವಿಲ್ಲ. ಅದಕ್ಕೇ ಅದನ್ನು ಪೂರ್ತಿ ಒಂದು ಎಂದು ಎಣಿಸದೆ ‘ಪಾಯಿಂಟ್ ಒನ್’ ಅಂದುಬಿಟ್ಟಿದ್ದಾರೆ. ಮನೆ ಅದುರಿಸುವವನೂ ಅವನೇ, ಲೆಕ್ಕಕ್ಕಿಲ್ಲದವನೂ ಅವನೇ.

ಆರೂ ದಾರಿಯ ಸದ್ದನ್ನು ಇದ್ದದ್ದು ಇದ್ದ ಹಾಗೆ ಕಳಿಸಬೇಕೆಂದರೆ ಸೆಕೆಂಡಿಗೆ ಸುಮಾರು 46 ಲಕ್ಷ ಬಿಟ್ಟುಗಳು ಬೇಕು. ಡಾಲ್ಬಿ ಡಿಜಿಟಲ್ಲಿನಲ್ಲಿ 3 ಲಕ್ಷ 84 ಸಾವಿರದಲ್ಲಿ ಕೆಲಸ ಮುಗಿಸಬಹುದು. ಹನ್ನೆರಡರಲ್ಲಿ ಒಂದು ಪಾಲು! ಉಳಿದ ಹನ್ನೊಂದು ಪಾಲು ಎಲ್ಲಿ ಹೋಯಿತು ಅಂದಿರಾ? ಮದುವೆ ಮನೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳಾಡಿಸಿ “ಗಟ್ಟಿಮೇಳ, ಗಟ್ಟಿಮೇಳ” ಅನ್ನುತ್ತಾರಲ್ಲ, ಯಾಕೆ? ಯಾರಾದರೂ ಸೀನಿದರೆ, ಅಪಶಕುನದ ಮಾತಾಡಿದರೆ, ಡೋಲಿನ ಅಬ್ಬರದಲ್ಲಿ ಮುಚ್ಚಿಹೋಗಲಿ ಎಂದು. ದೊಡ್ಡ ಸದ್ದಿನ ನೆರಳಲ್ಲಿ ಸಣ್ಣ ಸದ್ದು ಕಿವಿಗೆ ಬೀಳುವುದಿಲ್ಲ. ಡಾಲ್ಬಿಯವರ ಲೆಕ್ಕಾಚಾರವೂ ಇದೇ: ಹೇಗೂ ಕೇಳದ ಸೀನನ್ನು ಆಕಾಶದವರೆಗೆ ಯಾಕೆ ಹೊತ್ತುಕೊಂಡು ಹೋಗಬೇಕು? ಕಳಿಸುವ ಮೊದಲೇ ಬಿಟ್ಟರಾಯಿತು. ಒಂದು ಸೆಕೆಂಡಿನ ಸಾವಿರದಲ್ಲಿ 32 ಪಾಲಿನಷ್ಟು ಸದ್ದನ್ನು ಒಂದೊಂದು ಕಟ್ಟಾಗಿ ಕಟ್ಟುತ್ತಾರೆ. ರಿಸೀವರು ಆ ಕಟ್ಟು ಬಿಚ್ಚಿ ಆರು ಪಾಲು ಮಾಡಿ ಹಂಚುತ್ತದೆ. ಸೀನು ಮಾತ್ರ ವಾಪಸು ಬರುವುದಿಲ್ಲ.

ಈ ಸಿದ್ಧಾಂತಕ್ಕೆ ಒಂದು ಅಪವಾದ ಉಂಟು, ಅದು ನಮ್ಮಿಬ್ಬರ ಅತ್ತೆ. ಗಟ್ಟಿಮೇಳ ತಾರಕಕ್ಕೇರಿದ್ದಾಗ ಮೂರನೇ ಸಾಲಿನಲ್ಲಿ ಬೀಗರು ಪಿಸುಗುಟ್ಟಿದ್ದನ್ನು ಅಕ್ಷರ ಬಿಡದೆ ಕೇಳಿಸಿಕೊಂಡು ಇಪ್ಪತ್ತು ವರ್ಷ ನೆನಪಿಟ್ಟವರು. ಎದುರು ಕೂತು “ಕಾಫಿ ಬೇಕಾ?” ಎಂದರೆ ಮಾತ್ರ “ಆಂ?” ಅನ್ನುತ್ತಾರೆ. ಡಾಲ್ಬಿಯ ಎಂಜಿನಿಯರುಗಳು ಕಿವಿಯನ್ನು ಅಳೆಯುವಾಗ ಇಂಥವರನ್ನು ಬಿಟ್ಟೇ ಅಳೆದಿರಬೇಕು.

ಸರಿ, ಕಟ್ಟಿದ ಗಂಟು ಭೂಮಿಯಿಂದ 36,000 ಕಿಲೋಮೀಟರ್ ಮೇಲೆ ಹೋಗುತ್ತದೆ. ಅಲ್ಲಿ ನಮ್ಮವೇ ಉಪಗ್ರಹಗಳಿವೆ. 2022ರ ಜೂನಿನಲ್ಲಿ ಫ್ರೆಂಚ್ ಗಯಾನಾದ ಕೂರುವಿನಿಂದ ಹಾರಿದ ಇಸ್ರೋದ ಜಿಸ್ಯಾಟ್-24ರ ಅಷ್ಟೂ 24 ಟ್ರಾನ್ಸ್‌ಪಾಂಡರುಗಳು ಡಿಟಿಎಚ್ ಸೇವೆಗೇ ಮೀಸಲು. ಹಾಸನದಲ್ಲಿ ಇದಕ್ಕೆಂದೇ ಇರುವ ನಿಯಂತ್ರಣ ಕೇಂದ್ರದವರು ಇಂಥ ಉಪಗ್ರಹಗಳು ಜಾಗ ಬಿಟ್ಟು ಕದಲದ ಹಾಗೆ ಹಗಲೂ ರಾತ್ರಿ ಕಾಯುತ್ತಾರೆ. ಗಂಟು ಅಲ್ಲಿಂದ ಮತ್ತೆ ಅಷ್ಟೇ ದೂರ ಕೆಳಗಿಳಿದು, ಷಡ್ಡಕರ ತಾರಸಿಯ ಡಿಶ್ಶಿಗೆ ಗುರಿ ತಪ್ಪದೆ ಬಿದ್ದು, ವೈರಿನಲ್ಲಿ ಜಾರಿ ಸೆಟ್‌ಟಾಪ್ ಬಾಕ್ಸಿಗೆ ಬರುತ್ತದೆ. ಇಷ್ಟಕ್ಕೆ ಹಿಡಿಯುವುದು ಕಾಲು ಸೆಕೆಂಡು. ಬಾಕ್ಸಿಗೂ ರಿಸೀವರಿಗೂ ನಡುವೆ ಇರುವುದು ಮೂರು ಅಡಿ. ಕೆಡುವುದೆಲ್ಲ ಅಲ್ಲೇ.

ಬಾಕ್ಸಿನ ಹಿಂದಿರುವ ಆಪ್ಟಿಕಲ್ ತೂತಿಗೆ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅಲ್ಲಿಗೆ ಚುಚ್ಚುವ ಕೇಬಲ್ಲಿನ ಎರಡು ತುದಿಗೂ ಉಗುರಿನಷ್ಟೂ ಇಲ್ಲದ ಪಾರದರ್ಶಕ ಟೋಪಿ. ಷಡ್ಡಕರು ಟೋಪಿ ಸಮೇತ ತುರುಕಲು ನೋಡಿ, ಹೋಗದಿದ್ದಾಗ, “ಬಾಕ್ಸೇ ಡಿಫೆಕ್ಟು” ಎಂದು ಕಸ್ಟಮರ್ ಕೇರಿನವರ ಮೇಲೆ ಇಂಗ್ಲಿಷಿನಲ್ಲಿ ಸಿಟ್ಟಾದರಂತೆ. ಆಮೇಲೆ ಮಗಳು ಬಂದು ಟೋಪಿ ಕಿತ್ತು ಅಪ್ಪನ ಅಂಗೈ ಮೇಲಿಟ್ಟಳಂತೆ. ಇದು ನನ್ನ ಹೆಂಡತಿಗೆ ಅವಳ ಅಕ್ಕ ಹೇಳಿದ ವರದಿ. ನನಗೆ ಗೊತ್ತಿದೆ ಎಂದು ಷಡ್ಡಕರಿಗೆ ಗೊತ್ತಿಲ್ಲ. ಇನ್ನೊಂದು ತುದಿ ಚುಚ್ಚಿ ಈ ತುದಿಯನ್ನು ಅಂಗೈಗೆ ಹಿಡಿದರೆ ಸಾಸಿವೆ ಗಾತ್ರದ ಕೆಂಪು ಬೆಳಕು ಬೀಳುತ್ತದೆ. ಹೆಲಿಕಾಪ್ಟರು, ಹೀರೋ, ಹೀರೋಯಿನ್ನಿನ ಅಳು ಎಲ್ಲ ಆ ಕೆಂಪಿನೊಳಗೇ.

ಆದರೆ ಈ ದಾರಿಗೊಂದು ನಿಯಮವಿದೆ. ಬಿಚ್ಚಿದ ಸದ್ದಾದರೆ ಎರಡೇ ದಾರಿಯದ್ದನ್ನು ಒಯ್ಯುತ್ತದೆ, ಅದೇ ಪಿಸಿಎಂ. ಆರು ದಾರಿ ಬೇಕಿದ್ದರೆ ಗಂಟನ್ನು ಬಿಚ್ಚದೆ ಹಾಗೇ ದಾಟಿಸಬೇಕು, ಬಿಚ್ಚುವ ಕೆಲಸ ರಿಸೀವರಿಗೆ ಬಿಡಬೇಕು. ಷಡ್ಡಕರ ಬಾಕ್ಸು ಬರುವಾಗಲೇ ‘ಸ್ಟೀರಿಯೊ’ ಎಂದು ಹೊಂದಿಸಿಕೊಂಡು ಬಂದದ್ದು. ಅದು ತಾನೇ ಗಂಟು ಬಿಚ್ಚಿ, ಆರನ್ನು ಎರಡಾಗಿ ಕಲಸಿ ಕಳಿಸುತ್ತಿತ್ತು. ಹೊಸ ತಲೆಮಾರಿನ ಡಾಲ್ಬಿ ಡಿಜಿಟಲ್ ಪ್ಲಸ್ ಆದರಂತೂ ಆಪ್ಟಿಕಲ್ ದಾರಿಯಲ್ಲಿ ಕಾಲೇ ಇಡುವುದಿಲ್ಲ. ಬಾಕ್ಸು ಅದನ್ನು ಹಳೆಯ ಡಾಲ್ಬಿಗೆ ಬದಲಾಯಿಸಿ ಕೊಡಬೇಕು, ಇಲ್ಲವೇ ಎಚ್‌ಡಿಎಂಐ ಕೇಬಲ್ ಹಾಕಬೇಕು. ಇದೆಲ್ಲ ಮ್ಯಾನ್ಯುಯಲ್ಲಿನಲ್ಲಿ ಇದ್ದೇ ಇರುತ್ತದೆ. ಮ್ಯಾನ್ಯುಯಲ್ಲು ಷಡ್ಡಕರ ಮನೆಯಲ್ಲಿ ಟೀಪಾಯಿಯ ಒಂದು ಕಾಲಿನ ಕೆಳಗಿತ್ತು.

ಊಟವಾದ ಮೇಲೆ ಬಾಕ್ಸಿನ ರಿಮೋಟು ಇಸಿದುಕೊಂಡೆ. ಸೆಟ್ಟಿಂಗ್ಸು, ಆಡಿಯೊ, ಸ್ಟೀರಿಯೊ ತೆಗೆದು ಡಾಲ್ಬಿ, ಓಕೆ. ರಿಸೀವರು ಟಕ್ ಎಂದಿತು. ‘ಪಿಸಿಎಂ’ ಮಾಯವಾಗಿ ‘ಡಾಲ್ಬಿ ಡಿಜಿಟಲ್ 3/2.1’ ಮೂಡಿತು. ಮುಂದೆ ಮೂರು, ಹಿಂದೆ ಎರಡು, ಗುಡುಗಿಗೊಂದು. ಇಂಗ್ಲಿಷ್ ಚಿತ್ರ ಬರುತ್ತಿದ್ದ ಎಚ್.ಡಿ. ಚಾನೆಲ್ಲು. ಷೋಕೇಸಿನೊಳಗಿನ ಚನ್ನಪಟ್ಟಣದ ಗೊಂಬೆಗಳು ಸಾಲು ಬಿಟ್ಟು ಒಂದೊಂದಾಗಿ ಗಾಜಿನ ಕಡೆಗೆ ನಡೆದು ಬರತೊಡಗಿದವು. ಅಡುಗೆಮನೆಯ ಸ್ಟೀಲ್ ತಟ್ಟೆಗಳು ತಾಳ ಹಾಕಿದವು. “ನಾನು ಹೇಳ್ಲಿಲ್ವಾ?” ಅಂದರು ಷಡ್ಡಕರು. ಅವರು ಏನೂ ಹೇಳಿರಲಿಲ್ಲ.

ಅಷ್ಟರಲ್ಲಿ ಅತ್ತೆಯವರ ಕೂಗು: “ಅಳಿಯಂದ್ರೇ, ನಮ್ಮ ದೇವರ ಮನೇಲಿ ಯಾವನೋ ನಗ್ತಿದಾನಲ್ಲ, ಯಾರದು?”

ನಗುತ್ತಿದ್ದವನು ವಿಲನ್. ಹಿಂದಿನ ಸ್ಪೀಕರುಗಳು ಕೂತವನ ಪಕ್ಕಕ್ಕೆ, ಕೊಂಚ ಹಿಂದಕ್ಕೆ ಇರಬೇಕು. ನೇರ ಮುಂದಿನಿಂದ ಅಳೆದರೆ 110 ಡಿಗ್ರಿಯ ಆಸುಪಾಸು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ಶಿಫಾರಸು ಮಾಡಿದ್ದಾರೆ. ಒಕ್ಕೂಟದವರ ಮನೆಯಲ್ಲಿ ದೇವರ ಮನೆ ಯಾವ ಮೂಲೆಗಿದೆಯೋ, ಷಡ್ಡಕರ ಮನೆಯಲ್ಲಿ ವಾಸ್ತುವಿನ ಪ್ರಕಾರ 110 ಡಿಗ್ರಿಗೇ ಇದೆ. ಸ್ಪೀಕರಿಗೆ ಮೊಳೆ ಸಿಕ್ಕಿದ್ದು ಅದರ ಬಾಗಿಲ ಮೇಲೆ, ಮಾವಿನ ತೋರಣದ ಪಕ್ಕದಲ್ಲಿ. ಎಡಗಡೆಯದು ಕಿಟಕಿಯ ಪರದೆಯ ಹಿಂದೆ, ಅತ್ತಿಗೆಯವರಿಗೆ ವೈರು ಕಣ್ಣಿಗೆ ಬೀಳಬಾರದೆಂದು. ಹಾಗಾಗಿ ಈ ಮನೆಯಲ್ಲಿ ಹೆಲಿಕಾಪ್ಟರು ಟೀವಿಯಿಂದ ಹೊರಟು, ಪರದೆಯಲ್ಲಿ ಸಿಕ್ಕಿಹಾಕಿಕೊಂಡು, ಹೇಗೋ ಬಿಡಿಸಿಕೊಂಡು ದೇವರ ಮನೆಯಲ್ಲಿ ಇಳಿಯುತ್ತದೆ.

ಏಳು ಗಂಟೆಗೆ ಅತ್ತೆಯವರ ಧಾರಾವಾಹಿ. ಸೋಫಾದ ನಟ್ಟನಡುವಿನ ಜಾಗ, ಐದೂ ಸ್ಪೀಕರು ಒಟ್ಟಿಗೆ ಸೇರುವ ಆ ಒಂದೇ ಒಂದು ಜಾಗ, ಕೇಳದೆಯೇ ಅವರದಾಯಿತು. ಚಾನೆಲ್ಲು ಬದಲಾದದ್ದೇ ರಿಸೀವರಿನಲ್ಲಿ ‘2/0’. ಹಿಂದಿನವು ಮತ್ತೆ ಮೂಕ.

“ಅಯ್ಯೋ, ಇಷ್ಟು ಬೇಗ ಕೆಟ್ಟೋಯ್ತಾ?” ಎಂದು ಷಡ್ಡಕರು ಸ್ಟೂಲು ಹತ್ತಿದರು. ಕೆಟ್ಟಿಲ್ಲ, ಈ ಕಾರ್ಯಕ್ರಮ ಬರುತ್ತಿರುವುದೇ ಎರಡು ದಾರಿಯಲ್ಲಿ ಎಂದೆ. ಅವರಿಗೆ ಸಮಾಧಾನವಿಲ್ಲ. “ಐದಕ್ಕೆ ದುಡ್ಡು ಕೊಟ್ಟಿದೀನಿ ರೀ, ಐದೂ ಆಡಬೇಕು.” ಪ್ರೊ ಲಾಜಿಕ್ ಎನ್ನುವ ಗುಂಡಿ ಒತ್ತಿದೆ. ಅದು ಎರಡು ದಾರಿಯ ಸದ್ದನ್ನೇ ಜಾಲಾಡಿ, ಎರಡರಲ್ಲೂ ಸಮನಾಗಿರುವುದು ಮಾತಿರಬೇಕೆಂದು ನಡುವಿಗೆ, ಒಂದಕ್ಕೊಂದು ತಿರುಗುಮುರುಗಾಗಿರುವುದು ವಾತಾವರಣವಿರಬೇಕೆಂದು ಹಿಂದಕ್ಕೆ ಅಂದಾಜಿನ ಮೇಲೆ ಹಂಚುತ್ತದೆ. ಒಳ್ಳೆಯ ಅಂದಾಜೇ. ಅತ್ತೆ ಪಾತ್ರದವಳ ಮಾತು ನಡುವಿನ ಸ್ಪೀಕರಿನಿಂದ, ಸೊಸೆಯ ಮುಖವನ್ನು ಮೂರು ಸಲ ತೋರಿಸುವಾಗಿನ “ಧಡ್, ಧಡ್, ಧಡ್” ನಾಲ್ಕೂ ಕಡೆಯಿಂದ. ನಮ್ಮ ಧಾರಾವಾಹಿಗಳಿಗೆ ಇದಕ್ಕಿಂತ ಹೆಚ್ಚಿನ ಸರೌಂಡು ಬೇಕೂ ಇಲ್ಲ. ಅಲ್ಲಿ ಕಥೆಯೇ ಸುತ್ತುತ್ತಿರುತ್ತದೆ.

ಇನ್ನೊಂದು ತಕರಾರು ಅತ್ತೆಯವರೇ ಹಿಡಿದರು. “ಅವಳು ಬಾಯಿ ತೆಗೆಯೋ ಮುಂಚೆನೇ ಮಾತು ಬರ್ತಿದೆಯಲ್ಲ?” ಸರಿಯಾಗಿಯೇ ಹಿಡಿದರು. ಈಗಿನ ಟೀವಿಗಳು ಚಿತ್ರಕ್ಕೆ ಪೌಡರು, ಬಣ್ಣ ಹಚ್ಚಿ ತೋರಿಸುವಷ್ಟರಲ್ಲಿ, ನೇರ ರಿಸೀವರಿಗೆ ಹೋದ ಮಾತು ಬಂದುಬಿಟ್ಟಿರುತ್ತದೆ. ರಿಸೀವರಿನಲ್ಲಿ ಮಾತನ್ನು ಒಂದಿಷ್ಟು ಮಿಲಿಸೆಕೆಂಡು ತಡೆಹಿಡಿಯುವ ಸೌಲಭ್ಯ ಇದೆ, ಹೊಂದಿಸಿಕೊಟ್ಟೆ. ಮಾತು ಬರುವ ಮೊದಲು ಸ್ವಲ್ಪ ತಡೆಹಿಡಿಯುವ ಯಂತ್ರ ಎಂದು ವಿವರಿಸಿದಾಗ, ಷಡ್ಡಕರು ಒಮ್ಮೆ ಅತ್ತೆಯವರ ಕಡೆಗೂ ಒಮ್ಮೆ ನನ್ನ ಕಡೆಗೂ ನೋಡಿದರು. ನಾನು ರಿಮೋಟು ನೋಡಿಕೊಂಡೆ.

ಅಷ್ಟರಲ್ಲಿ ಹಿಂದಿನ ಬಲಗಡೆಯಿಂದ ಒಂದು ಗುಡುಗು. ಸಣ್ಣಗೆ ಶುರುವಾಗಿ, ತಲೆಯ ಮೇಲೆ ಉರುಳಿ, ಟೀವಿಯ ಆಚೆಗೆ ಹೋಗಿ ಅಡಗಿತು. ಎಲ್ಲರೂ ಬೆಚ್ಚಿ ಹಿಂದೆ ತಿರುಗಿದರು. ಷಡ್ಡಕರ ಮುಖ ಊರಗಲವಾಯಿತು. “ಆಹಾ! ಇದು ನೋಡಿ ರೀ ಎಫೆಕ್ಟು ಅಂದ್ರೆ! ಕೊಟ್ಟ ದುಡ್ಡು ವಸೂಲು!”

ಪರದೆಯ ಮೇಲೆ ಸೊಸೆಯ ಮುಖ ಚೌಕ ಚೌಕವಾಗಿ ಒಡೆಯಿತು. ಸುಮಾರು 12 ಗಿಗಾಹರ್ಟ್ಸ್‌ನ ಅಲೆಗಳನ್ನು ಮಳೆಹನಿಗಳು ಕುಡಿದುಬಿಡುತ್ತವೆ, ಅದಕ್ಕೆ ಡಾಲ್ಬಿಯೂ ಇಲ್ಲ, ಹಾಸನವೂ ಇಲ್ಲ. ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪಟ್ಟಿ ಬಂತು.

“ನಾಳೆ ಮಧ್ಯಾಹ್ನ ಮತ್ತೆ ಹಾಕ್ತಾರೆ ಬಿಡಿ” ಎಂದು ಅತ್ತೆ ಎದ್ದರು. “ಅಳಿಯಂದ್ರೇ, ಇಬ್ಬರೂ ಸುಮ್ನೆ ಕೂತಿದೀರಲ್ಲ, ತಾರಸಿ ಮೇಲೆ ಒಣಗಿಹಾಕಿದ ಬಟ್ಟೆ ತನ್ನಿ.”