ತೂತು ಬನಿಯನ್ ಪ್ರಸಂಗ

ಮೊನ್ನೆ ದೇವರಾಜ ಮಾರ್ಕೆಟ್ಟಿನಲ್ಲಿ ಈರನಗೆರೆ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ನನ್ನನ್ನು ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು, ಜೊತೆಗಿದ್ದವರ ಕಿವಿಯಲ್ಲಿ ಏನೋ ಹೇಳಿದರು. ಕೊನೆಗೆ ಕೈಲಿದ್ದ ಬದನೆಕಾಯಿ ಕೆಳಗಿಟ್ಟು ಕೇಳಿಯೇಬಿಟ್ಟರು: "ನೀವು ಹುಳಿಪುಡಿ ಅಜ್ಜಿ ಮಗ ಅಲ್ವಾ? ಬನಿಯನ್ ಅಂಕಲ್?"

ನಾನು ಮೂವತ್ತು ವರ್ಷದಿಂದ ಹರಟೆ ಬರೆಯುತ್ತಿದ್ದೇನೆ. ಎಷ್ಟೋ ಸಲ ಫೋಟೊ ಸಮೇತ ಅಚ್ಚಾಗಿದೆ. ಇಷ್ಟು ಕಾಲದಲ್ಲಿ ಒಬ್ಬರಾದರೂ ನನ್ನನ್ನು ಮಾತಾಡಿಸಲೆಂದು ಬದನೆಕಾಯಿ ಕೆಳಗಿಟ್ಟವರಿಲ್ಲ. ಮೂವತ್ತು ವರ್ಷದ ಸಾಹಿತ್ಯಸೇವೆಯಿಂದ ಆಗದ್ದು ಬನಿಯನ್ನಿನ ಒಂದು ತೂತಿನಿಂದ ಆಯಿತು.

ಆದದ್ದು ಇಷ್ಟು. ದಸರಾ ರಜೆಗೆಂದು ಅಕ್ಕನ ಮಗಳು ಬಂದಳು. ಹಿಂದೆಲ್ಲ ಅವಳು ಬಂದರೆ ಒಂದು ಚೀಲ ಬರುತ್ತಿತ್ತು. ಈಗ ಮೂರು ಕಾಲಿನ ಸ್ಟ್ಯಾಂಡು, ಬಳೆಯಂಥ ಒಂದು ದೀಪ, ಅಂಗಿಗೆ ಸಿಕ್ಕಿಸುವ ಪುಟಾಣಿ ಮೈಕು, ಕೊನೆಯಲ್ಲಿ ಅವಳು. ನಮ್ಮಮ್ಮ ಹುಳಿಪುಡಿಗೆ ಕೊತ್ತಂಬರಿ ಹುರಿಯುವುದನ್ನು ರೀಲ್ ಮಾಡಿದಳು. ಅದೇ ಹೊತ್ತಿಗೆ ನಾನು ಪೇಪರು ಹುಡುಕುತ್ತ ಹಿಂದುಗಡೆ ಹಾದುಹೋದೆ. ನಾಲ್ಕೇ ಸೆಕೆಂಡು. ಬೆನ್ನಿನ ಮೇಲೆ ಎಂಟಾಣೆ ಅಗಲದ ತೂತು. ಸಂಜೆಯೊಳಗೆ ಎರಡು ಲಕ್ಷ ಜನ ನೋಡಿದ್ದರಂತೆ. ಕೆಳಗೆ ಬಂದ ಮಾತುಗಳಲ್ಲಿ ಕೊತ್ತಂಬರಿಯ ಸುದ್ದಿಯೇ ಇಲ್ಲ. "ಅಂಕಲ್‌ಗೆ ಯಾರಾದ್ರೂ ಒಂದು ಬನಿಯನ್ ಕೊಡಿಸ್ರಪ್ಪಾ" ಅನ್ನುವವರೇ ಎಲ್ಲ. "ಮನೆಯಲ್ಲಿ ಹೆಂಗಸರು ಗಮನಿಸಬೇಕು" ಅಂತ ಒಬ್ಬ ಹಿತೈಷಿ. ಆ ಒಂದು ವಾಕ್ಯಕ್ಕೆ ನಾನು ತೆತ್ತ ಬೆಲೆ ಇಲ್ಲಿ ಬೇಡ.

2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿದಾಗ ಪೀಡೆ ತೊಲಗಿತು ಅಂದುಕೊಂಡವರಲ್ಲಿ ನಾನೂ ಒಬ್ಬ. ಮರುತಿಂಗಳೇ ಇನ್‌ಸ್ಟಾಗ್ರಾಮಿನವರು ರೀಲ್ಸ್ ತಂದರು. ಹಳೇ ದೆವ್ವ ಹುಣಸೆಮರ ಬದಲಾಯಿಸಿತು, ಅಷ್ಟೇ.

ವೇಷದ ಬಗ್ಗೆ ನನಗೆ ತಕರಾರಿಲ್ಲ. ನಾನು ತೀರ್ಥಹಳ್ಳಿ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು. ದೊಂದಿಯ ಬೆಳಕಿನಲ್ಲಿ, ಕೂತ ಜನರ ನಡುವಿನಿಂದಲೇ ಅಬ್ಬರಿಸುತ್ತ ಬರುವ ಮಹಿಷಾಸುರನನ್ನು ಕಂಡು ಅಜ್ಜಿಯ ಸೆರಗಿನೊಳಗೆ ಹೊಕ್ಕವನು. ಅದೇ ಮಹಿಷಾಸುರ ಬೆಳಗ್ಗೆ ಬಸ್ ನಿಲ್ದಾಣದ ಹೋಟೆಲಿನಲ್ಲಿ, ಕಣ್ಣಂಚಿನ ಕಾಡಿಗೆ ಇನ್ನೂ ಹೋಗದೆ, ಬನ್ಸ್ ಮುರಿದು ಚಹಾಕ್ಕೆ ಅದ್ದುತ್ತಿದ್ದ. ಯಾರೂ ಅವನ ಹತ್ತಿರ ಹೋಗಿ "ಎಲ್ಲಿ, ಒಂದ್ಸಲ ಬೊಬ್ಬೆ ಹೊಡಿ" ಅನ್ನುತ್ತಿರಲಿಲ್ಲ. ರಾತ್ರಿಯದು ರಾತ್ರಿಗೆ ಮುಗಿಯಿತು. ರಂಗಸ್ಥಳಕ್ಕೂ ಅವನಿಗೂ ನಡುವೆ ಚೌಕಿ ಅಂತ ಒಂದಿತ್ತು. ಅಲ್ಲಿ ಕೂತು ಗಂಟೆಗಟ್ಟಲೆ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡಬೇಕು, ಮತ್ತೆ ಅಲ್ಲೇ ಕೂತು ಎಣ್ಣೆ ಹಚ್ಚಿ ಒರೆಸಿಕೊಳ್ಳಬೇಕು. ಈಗ ನಮ್ಮ ಹುಡುಗಿಯ ಕಸುಬಿನಲ್ಲಿ ಚೌಕಿಯದೇ ಆಟ. ಹಲ್ಲುಜ್ಜುವುದು, ಮೊಡವೆಗೆ ಮದ್ದು ಹಚ್ಚುವುದು, ಗಂಡನ ಮೇಲೆ ಮುನಿಯುವುದು, ಎಲ್ಲಕ್ಕೂ ಭಾಗವತಿಕೆ. "ಜನಕ್ಕೆ ಅಸಲಿ ಬೇಕು ಮಾವ" ಅನ್ನುತ್ತಾಳೆ. ಆ ಅಸಲಿ ಬೆಳಗನ್ನು ಮೂರು ಸಲ ಎದ್ದು ತೋರಿಸಿದಳು. ಎರಡನೇ ಸಲ ಎದ್ದಾಗ ಆಕಳಿಕೆ ಸರಿಯಾಗಿ ಬರಲಿಲ್ಲವಂತೆ.

ಹಾಗಂತ ಹಳೆಯ ಕಾಲದಲ್ಲಿ ಅಭಿಮಾನ ಕಡಿಮೆಯಿತ್ತೇ? ಗಾಜನೂರಿನ ಮುತ್ತುರಾಜ 1954ರ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ಆದರು. ಅಭಿಮಾನಿಗಳನ್ನು ದೇವರು ಅಂದರು. ಸದಾಶಿವನಗರದ ಮನೆಯ ಗೇಟಿನ ಮುಂದೆ ಆ ದೇವರುಗಳು ಸಾಲುಗಟ್ಟುತ್ತಿದ್ದರು. ಆದರೆ ದೇವರು ಗೇಟಿನ ಆಚೆ, ಭಕ್ತರು ಈಚೆ. ಇಂದಿನ ದೇವರುಗಳು ನೇರ ಫ್ರಿಜ್ಜಿನ ಬಾಗಿಲು ತೆಗೆದು "ಕರಿಬೇವು ಬಾಡಿದೆಯಲ್ಲಾ" ಅನ್ನುತ್ತಾರೆ.

ನಮ್ಮ ಮನೆಗೂ ಒಂದು ದೇವರು ಪ್ರತ್ಯಕ್ಷವಾಯಿತು. ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಅಡ್ಡಾಗುವ ಹೊತ್ತು. ಬಾಗಿಲಲ್ಲಿ ಮಂಡ್ಯದ ದಂಪತಿ, ಕೈಲೊಂದು ಮಿಡಿ ಉಪ್ಪಿನಕಾಯಿ ಭರಣಿ. ರೀಲಿನಲ್ಲಿ ಕಿಟಕಿಯಾಚೆ ಕಂಡ ದೇವಸ್ಥಾನದ ಗೋಪುರದ ಜಾಡು ಹಿಡಿದು ಬಂದಿದ್ದರು! "ಅಜ್ಜೀ" ಅಂತ ಕಾಲಿಗೆ ಬಿದ್ದರು. ಅಮ್ಮ ಅಕ್ಷತೆಯಿಲ್ಲದೆ ಆಶೀರ್ವಾದ ಮಾಡಿ, ಅವರು ಹೋದಮೇಲೆ ನನ್ನನ್ನು ಕೇಳಿದಳು: "ಯಾರ ಕಡೆಯವರೋ ಇವರು?" ಯಾರ ಕಡೆಯವರೂ ಅಲ್ಲ ಅಂದರೆ ನಂಬಲಿಲ್ಲ. "ನನ್ನ ಮಂಡಿನೋವಿಗೆ ಯಾವ ಎಣ್ಣೆ ಅನ್ನೋದೂ ಗೊತ್ತಿದೆ ಅವರಿಗೆ. ನಮ್ಮವರೇ ಇರಬೇಕು."

ಅಮೆರಿಕದ ಹಾರ್ಟನ್ ಮತ್ತು ವೋಲ್ ಎಂಬಿಬ್ಬರು ಟೀವಿ ಹೊಸದಾಗಿದ್ದ ಕಾಲದಲ್ಲೇ, 1956ರಲ್ಲಿ, ಇದಕ್ಕೆ ಒಂದು ಹೆಸರು ಇಟ್ಟಿದ್ದಾರೆ. ಪೆಟ್ಟಿಗೆಯೊಳಗಿನವರು ನೋಡುಗನಿಗೆ ಆಪ್ತ ಸ್ನೇಹಿತರ ಹಾಗೆ ಅನ್ನಿಸುತ್ತಾರೆ, ಅವರಿಗೆ ಇವನು ಯಾರೆಂಬುದೇ ಗೊತ್ತಿರುವುದಿಲ್ಲ. ಒಂದೇ ಕಡೆಯಿಂದ ಹೊಲಿದ ನಂಟು. ಆ ಇಬ್ಬರು ಕಂಡದ್ದು ಟೀವಿಯವನ ನಗೆಯನ್ನು ಮಾತ್ರ. ಉಪ್ಪಿನಕಾಯಿ ಭರಣಿಯನ್ನು ಕಂಡಿದ್ದರೆ ಇನ್ನೊಂದು ಪ್ರಬಂಧ ಬರೆಯುತ್ತಿದ್ದರು. (ಮಿಡಿ ಮಾತ್ರ ಚೆನ್ನಾಗಿತ್ತು. ನಾನು ಕೃತಘ್ನನಲ್ಲ.)

ನಂಟಿಗೆ ಬೆಲೆ ಇದೆ ಅಂತ ವ್ಯಾಪಾರಿಗಳಿಗೆ ನಮಗಿಂತ ಮೊದಲೇ ಗೊತ್ತು. ಮುಂದಿನ ವಾರ ಐದು ಲೀಟರ್ ಅಡುಗೆ ಎಣ್ಣೆ ಪುಕ್ಕಟೆಯಾಗಿ ಬಂತು. ಹುಡುಗಿ ಡಬ್ಬವನ್ನು ಒಲೆಯ ಪಕ್ಕ, ಹೆಸರು ಕಾಣುವ ಹಾಗೆ ಇಟ್ಟು, "ಅಜ್ಜಿ, ನೀವು ಮೊದಲಿಂದ ಇದನ್ನೇ ಬಳಸೋದು ಅಲ್ವಾ?" ಅಂದಳು. ಅಮ್ಮನಿಗೆ ಎಪ್ಪತ್ತೆಂಟು. ಸುಳ್ಳು ಹೇಳುವ ಅಗತ್ಯ ಮುಗಿದ ವಯಸ್ಸು. "ನಾನು ಯಾವತ್ತೇ ಇದನ್ನ ತಗೊಂಡಿದ್ದು? ಗಾಣದೆಣ್ಣೆ ಬಿಟ್ಟರೆ ಬೇರೆ ಮುಟ್ಟಿಲ್ಲ ಕಣೇ" ಅಂದಳು. ಆ ಭಾಗ ಕತ್ತರಿಗೆ ಹೋಯಿತು.

ಆಗ ನಾನು ಸ್ವಲ್ಪ ದೊಡ್ಡಸ್ತಿಕೆ ಮಾಡಿದೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಇಂಥವರಿಗೆಂದೇ ನಿಯಮ ಹೊರಡಿಸಿದೆ, ದುಡ್ಡು ಪಡೆದರಷ್ಟೇ ಅಲ್ಲ, ಪುಕ್ಕಟೆ ಸಾಮಾನು ಬಂದರೂ ಇದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ, ಯಾವ ಭಾಷೆಯಲ್ಲಿ ಹೊಗಳುತ್ತೀಯೋ ಅದೇ ಭಾಷೆಯಲ್ಲಿ ಹೇಳಬೇಕು. ಜನರ ದಾರಿ ತಪ್ಪಿಸಿದರೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಅಂತ ಹೆದರಿಸಿದೆ. ಮೊದಲ ಸಲ ಅವಳು ಫೋನ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಎಣ್ಣೆಯ ಕೆಳಗೆ 'ಪ್ರಾಯೋಜಿತ' ಅಂತ ಬಂತು. ಅಕ್ಷರ ಸಾಸಿವೆಕಾಳಿನಷ್ಟು.

ಗೆದ್ದ ಹುರುಪಿನಲ್ಲಿ ನಾನು ಬನಿಯನ್ನಿನ ಕಡೆ ಹೊರಳಿದೆ. ಯಾರೋ ನನ್ನ ಬೆನ್ನನ್ನು ವಾಟ್ಸಾಪ್ ಸ್ಟಿಕರ್ ಮಾಡಿದ್ದರು. ತಿಂಗಳ ಕೊನೆಯಲ್ಲಿ 'ಸಂಬಳ ಬಂದಿಲ್ಲ' ಎನ್ನಲು ಅದನ್ನೇ ಕಳಿಸುತ್ತಾರಂತೆ. ನಟ ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ತನ್ನ ಹೆಸರು, ಮುಖ, ದನಿ, ಕೊನೆಗೆ 'ಝಕಾಸ್' ಎಂಬ ಮಾತನ್ನೂ ಬೇರೆಯವರು ಲಾಭಕ್ಕೆ ಬಳಸದಂತೆ ತಡೆ ತಂದ. ನನ್ನ ತೂತಿಗೂ ಒಂದು ಹಕ್ಕು ಇರಬೇಡವೇ? 1890ರಲ್ಲಿ ವಾರನ್ ಮತ್ತು ಬ್ರಾಂಡೈಸ್ ಎಂಬ ಬಾಸ್ಟನ್ನಿನ ಇಬ್ಬರು ವಕೀಲರು ಕ್ಯಾಮೆರಾ, ಪತ್ರಿಕೆಗಳ ಕಾಟ ತಾಳಲಾರದೆ, ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕಾದ್ದು ಅವನ ಹಕ್ಕು ಅಂತ ವಾದಿಸಿದರು. ಅಷ್ಟು ದೂರ ಯಾಕೆ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಮುಪ್ಪಿನಲ್ಲಿ, 2012ರಲ್ಲಿ, ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದದ್ದರಿಂದಲೇ ಅಲ್ಲವೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಅಂದದ್ದು? ಇದನ್ನೆಲ್ಲ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳಿದೆ. ಮೈಮೇಲೆ ಹೊಸ ಬನಿಯನ್ ಇತ್ತು. ಈಗ ಮನೆಯೊಳಗೂ ಇಸ್ತ್ರಿ ಮಾಡಿದ್ದೇ ಹಾಕುತ್ತೇನೆ; ಕ್ಯಾಮೆರಾ ಯಾವ ಮೂಲೆಯಲ್ಲಿದೆಯೋ.

"ಸರಿ ಮಾವ, ಇನ್ನು ಕೇಳಿಯೇ ತೆಗೀತೀನಿ" ಅಂದಳು ಹುಡುಗಿ. ಪಾಪ, ಒಳ್ಳೆಯವಳು. ತನ್ನ ಎರಡು ವರ್ಷದ ಮಗನನ್ನು ಒಮ್ಮೆಯೂ ತೋರಿಸಿಲ್ಲ. ಫ್ರಾನ್ಸಿನಲ್ಲಿ 2020ರಲ್ಲೇ ಕಾನೂನು ಬಂದಿದೆಯಂತೆ, ಹದಿನಾರು ತುಂಬದ ಮಕ್ಕಳನ್ನು ತೋರಿಸಿ ದುಡಿದ ಹಣದ ಪಾಲು ಆ ಮಕ್ಕಳ ಹೆಸರಿನಲ್ಲೇ ಇರಬೇಕು, ದೊಡ್ಡವರಾಗುವ ತನಕ ಅಪ್ಪ ಅಮ್ಮ ಮುಟ್ಟುವ ಹಾಗಿಲ್ಲ. "ಅವನಿಗೆ ಬಾಯಿ ಬಂದಮೇಲೆ ಅವನನ್ನೇ ಕೇಳ್ತೀನಿ" ಅಂದಳು.

ಬಾಯಿ ಬಂದದ್ದು ಬೇರೆ ಕಡೆಯಿಂದ. ಇಷ್ಟು ಹೊತ್ತು ಮಜ್ಜಿಗೆ ಬಡಿಸುತ್ತಿದ್ದ ನನ್ನ ಹೆಂಡತಿ ಸೌಟು ಕೆಳಗಿಟ್ಟಳು.

"ರೀ, ಮೂವತ್ತು ವರ್ಷದಿಂದ ನಿಮ್ಮ ಹರಟೆಗಳಲ್ಲಿ ನನ್ನ ಉಪ್ಪಿಟ್ಟು ಗಂಟು ಗಂಟಾಗ್ತಾನೇ ಇದೆ. ನಾನು ಸೀರೆ ಅಂಗಡಿಯಲ್ಲಿ ಮೂರು ಗಂಟೆ ಕೂರ್ತೀನಿ. ನನ್ನ ತವರಿನವರು ಬಂದರೆ ಸಕ್ಕರೆ ಖಾಲಿ. ಒಂದು ಸಲನಾದ್ರೂ ನನ್ನ ಕೇಳಿ ಬರೆದ್ರಾ? ನಿಮ್ಮ ಬನಿಯನ್ ನಾಲ್ಕು ಸೆಕೆಂಡು. ನನ್ನ ಉಪ್ಪಿಟ್ಟಿನ ಲೆಕ್ಕ ಯಾವ ಕೋರ್ಟಿನಲ್ಲಿ ಕೇಳಲಿ?"

ಪುಟ್ಟಸ್ವಾಮಿಯವರ ಪ್ರಕರಣದಲ್ಲೂ ಇಷ್ಟು ಬಿಗಿಯಾದ ವಾದ ನಡೆದಿರಲಾರದು. ಅಮ್ಮ ಮೆಲ್ಲಗೆ "ಸರಿಯಾಗೇ ಹೇಳಿದಳು" ಅಂದು ಇನ್ನೊಂದು ತುತ್ತು ಕಲಸಿದಳು. ಹುಡುಗಿ ಫೋನ್ ಎತ್ತಿದ್ದಳು. ನಾನು ನೋಡಿದೊಡನೆ ಕೆಳಗಿಟ್ಟಳು.

ಆದ್ದರಿಂದ ಈ ಹರಟೆಯನ್ನು ಅಚ್ಚಿಗೆ ಕಳಿಸುವ ಮುನ್ನ ಮನೆಯ ಮೂವರಿಗೂ ಓದಿ ಹೇಳಿದ್ದೇನೆ. ಹುಡುಗಿ ಎಣ್ಣೆಯ ಹೆಸರು ತೆಗೆಸಿದಳು. ಅಮ್ಮನಿಗೆ ತನ್ನ ವಯಸ್ಸಿನ ಬಗ್ಗೆ ಆಕ್ಷೇಪವಿತ್ತು, ಎಪ್ಪತ್ತೇಳೂವರೆಯಂತೆ. ಹೆಂಡತಿಯದು ಒಂದೇ ಷರತ್ತು: ಇವತ್ತಿನ ತಿಂಡಿಯ ಬಗ್ಗೆ ಬರೆಯಬೇಕು.

ಇವತ್ತಿನ ಉಪ್ಪಿಟ್ಟು ಉದುರುದುರಾಗಿತ್ತು. (ಪ್ರಾಯೋಜಿತ.)