ವಿಮಾನವಾಹನ ಮೀಮಾಂಸೆ

ಡಿಸಿ-3 ವಿಮಾನವನ್ನು ಕಟ್ಟಿದ್ದು ಪ್ರಯಾಣಿಕರಿಗಾಗಿ ಎಂಬುದು ಪೂರ್ವಪಕ್ಷ. ಅದು ಸಲ್ಲದು. ವೇಕ್‌ಫೀಲ್ಡ್ ಕಪ್ಪಿಗೆ ಹೊರಟ ಮಾದರಿ ವಿಮಾನಗಳನ್ನು ಪೆಟ್ಟಿಗೆ ಸಮೇತ ಸ್ಪರ್ಧೆಯ ಬಯಲಿಗೆ ಮುಟ್ಟಿಸಲು ಕಟ್ಟಿದರು ಎಂಬುದೇ ಸಿದ್ಧಾಂತ. ಆ ಸ್ಪರ್ಧೆ 1928ರಲ್ಲೇ ಶುರುವಾಗಿತ್ತು. ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಕಾರಣ ಮುಂಚೆ, ಕಾರ್ಯ ಆಮೇಲೆ. ತರ್ಕಶಾಸ್ತ್ರಕ್ಕೆ ಇಷ್ಟು ಸಾಕು.

ಆಕ್ಷೇಪ: 230 ಗ್ರಾಮಿನ ಮಾದರಿಗೆ ಸುಮಾರು 11 ಟನ್ನಿನ ವಾಹನವೇ? ರಥೋತ್ಸವ ನೋಡದವರು ಮಾತ್ರ ಹೀಗೆ ಕೇಳುತ್ತಾರೆ. ಊರೇ ಕೂಡಿ ಎಳೆಯುವ ತೇರಿನೊಳಗೆ ಉತ್ಸವಮೂರ್ತಿ ಎಷ್ಟಿರುತ್ತದೆ? ಆದ್ದರಿಂದ ಪೆಟ್ಟಿಗೆಗೆ ಕಿಟಕಿ ಪಕ್ಕದ ಸೀಟು, ಅದರ ಧಣಿಗೆ ಓಡಾಡುವ ದಾರಿಯ ಕಡೆಯದು.

ಎಂಜಿನ್ ವಿಚಾರದಲ್ಲೂ ಮಾದರಿಯೇ ಮೇಲು. ಕಾನ್‌ಸ್ಟಲೇಷನ್ ಎಂಬ ಪ್ರಯಾಣಿಕ ವಿಮಾನಕ್ಕೆ ನಾಲ್ಕು ಎಂಜಿನ್, ಒಂದೊಂದಕ್ಕೂ 18 ಸಿಲಿಂಡರ್. ದಾರಿಯಲ್ಲಿ ಒಂದು ಕೈಕೊಡುವುದು ಎಷ್ಟು ಮಾಮೂಲಾಗಿತ್ತೆಂದರೆ, ಜಗತ್ತಿನಲ್ಲೇ ಶ್ರೇಷ್ಠವಾದ ಮೂರೆಂಜಿನ್ ವಿಮಾನ ಅದೇ ಎಂದು ಗೇಲಿ ಮಾಡುತ್ತಿದ್ದರು. ಮಾದರಿಗಿರುವುದು ಸಾಬೂನು, ಗ್ಲಿಸರಿನ್ ಸವರಿ ಹುರಿಗೊಳಿಸಿದ ರಬ್ಬರಿನ ಲಡಿ. ಅದು ಕಿತ್ತುಹೋದರೆ ಇನ್ನೊಂದು ಜೇಬಿನಲ್ಲಿದೆ.

ಶಾಸ್ತ್ರದ ತಿರುಳಿರುವುದು ಕುಲುಕಾಟದಲ್ಲಿ. ಡಿಸಿ-3ರ ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಾಯುವ ಏರ್ಪಾಡಿಲ್ಲ. ತುಂಬ ಎತ್ತರಕ್ಕೇರದೆ ನಡುಹಗಲ ಗಾಳಿಯಲ್ಲೇ ಹೆಣಗಬೇಕು. ಕಾದ ಹೊಲದಿಂದ ಎದ್ದ ಬಿಸಿಗಾಳಿಯ ಥರ್ಮಲ್ ತಗುಲಿತೋ, ವಿಮಾನ ಧಡಕ್ಕನೆ ಎದ್ದು ಬೀಳುತ್ತದೆ. ಎಲ್ಲರ ಕೈಯೂ ಕಾಗದದ ಚೀಲಕ್ಕೆ. ಒಬ್ಬನ ಮುಖ ಮಾತ್ರ ಅರಳುತ್ತದೆ. ‘ಏನು ಲಿಫ್ಟು!’ ಎನ್ನುತ್ತ ಪೆಟ್ಟಿಗೆಯ ಮೇಲೆ ಬಾಗಿ, ಕೆಳಗಿರುವುದು ಉತ್ತ ನೆಲವೋ ನಿಂತ ಪೈರೋ ಎಂದು ಗುರುತು ಹಾಕಿಕೊಳ್ಳುತ್ತಾನೆ. ಪಕ್ಕದವರು ಹೊಟ್ಟೆ ಹಿಡಿದುಕೊಂಡು ಶಪಿಸುವ ಇಂಥದೇ ಗಾಳಿ 1939ರಲ್ಲಿ ನ್ಯೂಜೆರ್ಸಿಯಲ್ಲಿ ಡಿಕ್ ಕೋರ್ಡಾರ ಮಾದರಿಯನ್ನು 43 ನಿಮಿಷ ಮೇಲೆ ನಿಲ್ಲಿಸಿ ಕಪ್ ಕೊಡಿಸಿತು. (ವಾಂತಿಯ ಚೀಲ ಮತ್ತು ಕಪ್ಪಿನ ಕಾರಣಸಂಬಂಧ ಪ್ರತ್ಯೇಕ ಗ್ರಂಥಕ್ಕೆ ತಕ್ಕ ವಿಷಯ.)

ಇಂಥ ಗಾಳಿಗೆ ಸಿಕ್ಕ ಮಾದರಿ ಎಷ್ಟೋ ಸಲ ಮರಳುವುದೇ ಇಲ್ಲ. ಅದಕ್ಕೆಂದೇ ಬಾಲದ ಬಳಿ ನಿಧಾನವಾಗಿ ಉರಿಯುವ ಬತ್ತಿ. ಕಿಡಿ ರಬ್ಬರ್ ಬ್ಯಾಂಡಿಗೆ ತಗುಲಿದೊಡನೆ ಅದು ಸುಟ್ಟು, ಬಾಲದ ರೆಕ್ಕೆ ಮೇಲಕ್ಕೆ ಸೆಟೆದು, ಮಾದರಿ ಮಟ್ಟಸವಾಗಿಯೇ ಕೆಳಗಿಳಿಯುತ್ತದೆ. ದೊಡ್ಡ ವಿಮಾನಗಳಲ್ಲಿ ಈ ಸೌಕರ್ಯವಿಲ್ಲ.

ಉಳಿದಿರುವುದು ಪೆಟ್ಟಿಗೆ ತೆರೆಸುವ ಸುಂಕದ ಅಧಿಕಾರಿಯ ಆಕ್ಷೇಪ: ‘ಈ ಬತ್ತಿ ಯಾತಕ್ಕೆ?’ ‘ವಿಮಾನ ಕೆಳಗಿಳಿಸೋದಕ್ಕೆ ಸಾರ್’ ಎಂಬುದು ಶಾಸ್ತ್ರಸಮ್ಮತವಾದ ಉತ್ತರ. ನಿಲ್ದಾಣದಲ್ಲಿ ಅದನ್ನು ಉಚ್ಚರಿಸಕೂಡದು.