ಮತ್ಸ್ಯನ್ಯಾಯ ಮೀಮಾಂಸೆ, ಅಥವಾ ರಾಬರ್ಟ್ ಬೆಂಚ್ಲಿಯ ಜೀವಿತವಿಚಾರ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ನಮ್ಮ ಪ್ರಾಚೀನ ರಾಜನೀತಿಜ್ಞರು ಮತ್ಸ್ಯನ್ಯಾಯವೆಂದು ಹೆಸರಿಟ್ಟು, ಅದು ಅರಾಜಕತೆಯ ಲಕ್ಷಣವೆಂದು ನಿರ್ಣಯಿಸಿ ಕೈತೊಳೆದುಕೊಂಡರೇ ಹೊರತು, ಈ ವಿಷಯದಲ್ಲಿ ಸ್ವತಃ ಮೀನಿನ ಅಭಿಪ್ರಾಯವೇನೆಂದು ವಿಚಾರಿಸುವ ಸೌಜನ್ಯವನ್ನು ತೋರಿದಂತೆ ಕಾಣುವುದಿಲ್ಲ. ಆ ಲೋಪವನ್ನು ಪರಿಹರಿಸಿದ ಶ್ರೇಯಸ್ಸು, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ಪಟ್ಟಣದಲ್ಲಿ 1889ರ ಸೆಪ್ಟೆಂಬರ್ 15ರಂದು ಜನಿಸಿದ ರಾಬರ್ಟ್ ಚಾರ್ಲ್ಸ್ ಬೆಂಚ್ಲಿ ಎಂಬ ಹಾಸ್ಯಲೇಖಕನಿಗೆ ಸಲ್ಲತಕ್ಕುದೆಂದು ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶವಾಗಿರುತ್ತದೆ.

ಮೂಲಪ್ರಸಂಗವು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ನ್ಯೂಫೌಂಡ್‌ಲೆಂಡ್ ತೀರದ ಮೀನುಗಾರಿಕೆಯನ್ನು ಕುರಿತ ಅಂತರರಾಷ್ಟ್ರೀಯ ವ್ಯಾಜ್ಯದ ಪ್ರಶ್ನೆ ಪರೀಕ್ಷೆಯಲ್ಲಿ ಬರಲಾಗಿ, ಅಮೆರಿಕದ ವಾದವಾಗಲಿ ಬ್ರಿಟನ್ನಿನ ವಾದವಾಗಲಿ ತನಗೆ ತಿಳಿಯದೆಂದು ಒಪ್ಪಿಕೊಂಡ ಬೆಂಚ್ಲಿಯು, ಉಳಿದ ಮೂರನೆಯ ಪಕ್ಷವಾದ ಮೀನಿನ ದೃಷ್ಟಿಯಿಂದ ಉತ್ತರ ಬರೆದನೆಂಬುದು ಒಂದು ಪಾಠ. ಪದವಿಗೆ ಬಾಕಿಯುಳಿದಿದ್ದ ಪ್ರೌಢಲೇಖನವನ್ನೇ ಕಾಡ್ ಮೀನಿನ ದೃಷ್ಟಿಯಿಂದ ಬರೆದೊಪ್ಪಿಸಿದನೆಂಬುದು ಪಾಠಾಂತರ. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಗ್ರಾಹ್ಯವೆಂಬುದು ಗ್ರಂಥಸಂಪಾದಕರ ಸೂತ್ರವಾಗಿರುವುದರಿಂದಲೂ, ಬಂಗುಡೆ ಬೂತಾಯಿಗಳನ್ನು ಮಾತ್ರ ಬಲ್ಲ ನಮಗೆ ಕಾಡ್ ಎಂಬುದು ಬೇಕಾದಷ್ಟು ಕ್ಲಿಷ್ಟವಾಗಿರುವುದರಿಂದಲೂ, ಎರಡನೆಯದನ್ನೇ ಅಂಗೀಕರಿಸಿದ್ದೇವೆ. 1912ರಲ್ಲಿ ಸಿಗಬೇಕಾಗಿದ್ದ ಪದವಿಯು 1913ರಲ್ಲಿ ಕೈಗೆ ಬಂದಿತೆಂಬುದು, ವಿದ್ವಜ್ಜನರು ಮೀನಿನ ವಾದವನ್ನು ತೂಗಿನೋಡುವುದಕ್ಕೆ ಎಷ್ಟು ಕಾಲ ತೆಗೆದುಕೊಳ್ಳುವರೆಂಬುದಕ್ಕೆ ಪ್ರಮಾಣ.

ಈತನ ಪಕ್ಷಪಾತವು ಆಕಸ್ಮಿಕವಲ್ಲವೆಂಬುದಕ್ಕೆ 1921ರಲ್ಲಿ ಪ್ರಕಟವಾದ ಮೊದಲ ಸಂಕಲನವೇ ಸಾಕ್ಷಿ: ಅದರಲ್ಲಿ ನ್ಯೂಟ್ ಎಂಬ ಜಂತುವಿನ ಸಾಮಾಜಿಕ ಜೀವನವನ್ನು ಕುರಿತು, ಜೀವವಿಜ್ಞಾನಿಗಳೂ ನಾಚುವಷ್ಟು ಗಾಂಭೀರ್ಯದಿಂದ ಒಂದು ಅಣಕು ಲೇಖನವಿದೆ. ನ್ಯೂಟ್ ಮೀನಲ್ಲ, ಕಪ್ಪೆಯ ದಾಯಾದಿಯಾದ ಉಭಯಚರ ಎಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಅರ್ಧಾಯುಷ್ಯವನ್ನು ನೀರಿನಲ್ಲಿ ಕಳೆಯುವ ಪ್ರಾಣಿಯಿಂದ ನಾವು ಕೇಳುತ್ತಿರುವುದೂ ಅರ್ಧ ಸಾಕ್ಷ್ಯವನ್ನು ಮಾತ್ರ ಎಂಬುದೇ ನಮ್ಮ ಸಮಾಧಾನ.

ಗಾಳಕ್ಕೆ ಸಿಕ್ಕವರ ಪಕ್ಷ ವಹಿಸುವುದು ಆತನ ಉದ್ಯೋಗಜೀವನದಲ್ಲಿಯೂ ಮುಂದುವರಿಯಿತು. ವ್ಯಾನಿಟಿ ಫೇರ್ ಪತ್ರಿಕೆಯ ಆಡಳಿತ ಸಂಪಾದಕನಾಗಿದ್ದಾಗ, 1920ರಲ್ಲಿ ಸಹೋದ್ಯೋಗಿ ಡೊರೊತಿ ಪಾರ್ಕರಳನ್ನು ಆಕೆಯ ನಾಟಕವಿಮರ್ಶೆಗಳ ಕಾರಣದಿಂದ ಕೆಲಸದಿಂದ ತೆಗೆಯಲಾಗಿ, ಹೆಂಡತಿಯೂ ಇಬ್ಬರು ಮಕ್ಕಳೂ ಇದ್ದ ಈ ಮನುಷ್ಯನು ತಾನೂ ರಾಜೀನಾಮೆ ಕೊಟ್ಟು ಹೊರನಡೆದನು. ಇಲ್ಲಿ ಅಣಕಕ್ಕೆ ಅವಕಾಶ ಸಾಲದಾದ್ದರಿಂದ ಮುಂದಕ್ಕೆ ಹೋಗುತ್ತೇವೆ.

1922ರ ಏಪ್ರಿಲ್ 30ರ ರಾತ್ರಿ, ಅಲ್ಗಾಂಕ್ವಿನ್ ಹೋಟೆಲಿನ ದುಂಡುಮೇಜಿನ ಸುತ್ತ ಪ್ರತಿದಿನ ಕೂಡುತ್ತಿದ್ದ ಲೇಖಕರು ನ್ಯೂಯಾರ್ಕಿನಲ್ಲಿ ಒಂದೇ ಒಂದು ಪ್ರದರ್ಶನದ ವಿನೋದಕೂಟವನ್ನು ಏರ್ಪಡಿಸಿದ್ದರು. ಖಜಾಂಚಿಯು ಅಸ್ವಸ್ಥನಾದ್ದರಿಂದ ಆತನ ಬದಲು ವರದಿ ಒಪ್ಪಿಸಲು ಎದ್ದು ನಿಂತ ಸಹಾಯಕ ಖಜಾಂಚಿಯಾಗಿ ಬೆಂಚ್ಲಿಯು ಕಾಣಿಸಿಕೊಂಡನು. ಸಭೆಯ ಕಾಲವನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲವೆಂದು ಮಾತುಕೊಟ್ಟು ತೆಗೆದುಕೊಳ್ಳುವುದು, ಎಲ್ಲರಿಗೂ ಗೊತ್ತಿರುವ ಹಾಸ್ಯಕಥೆಯೊಂದನ್ನು ಆರಂಭಿಸಿ ಅದರ ನಡುವೆ ತಾನೇ ದಾರಿ ತಪ್ಪುವುದು, ಒಂದಕ್ಕೊಂದು ಮುಖ ನೋಡದ ಅಂಕಿಗಳನ್ನು ಕೂಡಿಸಲು ಹೊರಟು, ಉತ್ತರ ಬರುವ ಮುನ್ನವೇ ಸಂತೃಪ್ತಿಯಿಂದ ನಗುವುದು: ಇಂಥ ಸಭೆಗಳಲ್ಲಿ ಬಾಗಿಲ ಬಳಿಯ ಕುರ್ಚಿಗಾಗಿ ಹೊಂಚಿದವರೆಲ್ಲರೂ ಆ ಖಜಾಂಚಿಯನ್ನು ಬಲ್ಲರು. ಆದರೆ ಆತನನ್ನು ಕೇಳಿಸಿಕೊಳ್ಳುವವರ ಕಡೆಯಿಂದಲ್ಲ, ಬಲೆಯೊಳಗಿಂದ ಎಂಬಂತೆ, ಆ ಖಜಾಂಚಿಯ ಬೆವರಿನ ಕಡೆಯಿಂದ ನೋಡಿದುದೇ ಬೆಂಚ್ಲಿಯ ವೈಶಿಷ್ಟ್ಯ. ಇದನ್ನು ಮೆಚ್ಚಿದ ಗೀತಸಂಯೋಜಕ ಅರ್ವಿಂಗ್ ಬರ್ಲಿನ್ ತನ್ನ ಮ್ಯೂಸಿಕ್ ಬಾಕ್ಸ್ ರೆವ್ಯೂ ಎಂಬ ರಂಗಪ್ರದರ್ಶನಕ್ಕೆ ಕರೆಯಲು, ಬೇಡವೆನ್ನಿಸಿಕೊಳ್ಳುವ ಆಸೆಯಿಂದ ಬೆಂಚ್ಲಿಯು ವಾರಕ್ಕೆ 500 ಡಾಲರು ಕೇಳಿದನು. ಎದುರು ಪಕ್ಷದವರು ಒಪ್ಪಿಬಿಟ್ಟರು. ಹೀಗೆ ಲೈಫ್ ಪತ್ರಿಕೆಯ ನಾಟಕವಿಮರ್ಶಕನೊಬ್ಬನು ರಾತ್ರಿರಾತ್ರಿ ವೇದಿಕೆಯ ಮೇಲೆ ನಿಂತು, ತಾನು ಹಿಡಿಯುತ್ತಿದ್ದ ಗಾಳವನ್ನು ತಾನೇ ನುಂಗಿದಂತಾಯಿತು. 1928ರಲ್ಲಿ ಅದೇ ವರದಿಯು ಮಾತನಾಡುವ ಚಲಚ್ಚಿತ್ರವೂ ಆಯಿತು.

ವಿಮರ್ಶಕನಾಗಿ ಆತನು ಪಟ್ಟ ಪಾಡು ಬೇರೆ. ಆತನಿಗೆ ಸರಿಬೀಳದ ಏಬೀಸ್ ಐರಿಷ್ ರೋಸ್ ಎಂಬ ನಾಟಕವು 1922ರಿಂದ 1927ರವರೆಗೆ 2,327 ಪ್ರದರ್ಶನಗಳನ್ನು ಕಂಡಿತು. ಲೈಫ್ ಪತ್ರಿಕೆಗಾಗಿ ವಾರವಾರವೂ ಅದರ ಬಗ್ಗೆ ಹೊಸದೊಂದು ಒಂದು ಸಾಲಿನ ನಿಂದೆಯನ್ನು ಹುಡುಕಬೇಕಾಗಿ ಬಂದಿತು. ನಿಂದಾಸ್ತುತಿಯಲ್ಲಿ ಪಳಗಿದ ನಮ್ಮ ಕವಿಗಳಿಗೂ ಐದು ವರ್ಷ ಕಷ್ಟವೇ.

ಹಾಸಿಗೆ ತಯಾರಿಸುವ ಕಂಪನಿಯೊಂದು ನಿದ್ರೆಯ ಬಗ್ಗೆ ಮಾಡಿಸಿದ ವೈಜ್ಞಾನಿಕ ಅಧ್ಯಯನದ ಪ್ರೇರಣೆಯಿಂದ 1935ರಲ್ಲಿ ಎಂಜಿಎಂ ತೆಗೆದ ಹೌ ಟು ಸ್ಲೀಪ್ ಕಿರುಚಿತ್ರದಲ್ಲಿ, ನಿದ್ರೆಯನ್ನು ವಿವರಿಸುವ ಪಂಡಿತನೂ ನಿದ್ರೆ ಬಾರದೆ ಹೊರಳುವ ದೇಹವೂ ಬೆಂಚ್ಲಿಯೇ ಆಗಿದ್ದನು. ಅದಕ್ಕೆ ಆಸ್ಕರ್ ಲಭಿಸಿತು. ಆತನಿಗೆ ನಿಜವಾಗಿ ಬರೆಯಬೇಕೆನಿಸಿದ್ದುದು ಆನ್ ರಾಣಿಯ ಕಾಲದ ಇಂಗ್ಲೆಂಡನ್ನು ಕುರಿತ ಗಂಭೀರ ಗ್ರಂಥ. ಅದಕ್ಕಾಗಿ ಪುಸ್ತಕಗಳನ್ನು ಕೂಡಿಸುತ್ತಲೇ ಹೋದನು, 1945ರಲ್ಲಿ ತೀರಿಕೊಳ್ಳುವವರೆಗೂ ಬರೆಯಲಿಲ್ಲ. ಈ ಪ್ರಬಂಧಕಾರನೂ ಮೊದಲ ವಾಕ್ಯಕ್ಕೆ ಮುನ್ನ ಮೂರು ಪೆನ್ಸಿಲುಗಳನ್ನು ಚೂಪುಮಾಡಿ, ಪೆನ್ನಿನಲ್ಲಿ ಬರೆಯತೊಡಗಿದವನಾದ್ದರಿಂದ ಈ ವಿಷಯದಲ್ಲಿ ತಟಸ್ಥನಲ್ಲ.

ವಂಶಪರಂಪರೆಯಿಂದಲೂ ನಮ್ಮ ಸಿದ್ಧಾಂತಕ್ಕೆ ಪುಷ್ಟಿ ದೊರೆಯುತ್ತದೆ. ಮೊಮ್ಮಗ ಪೀಟರ್ ಬೆಂಚ್ಲಿಯು 1974ರಲ್ಲಿ ಜಾಸ್ ಎಂಬ ಕಾದಂಬರಿಯನ್ನು ಬರೆದು, ಮನುಷ್ಯರನ್ನು ನುಂಗುವ ಶಾರ್ಕಿನಿಂದ ಲೋಕವನ್ನು ನಡುಗಿಸಿ, ತಾತನ ಕಕ್ಷಿದಾರನಿಗೆ ದ್ರೋಹ ಬಗೆದನು. ಅನಂತರ ಪಶ್ಚಾತ್ತಾಪಪಟ್ಟು, ಶಾರ್ಕುಗಳ ಸಂರಕ್ಷಣೆಗಾಗಿ ದುಡಿಯುತ್ತ ಮನೆತನದ ವಕಾಲತ್ತನ್ನು ಮತ್ತೆ ಕೈಗೆತ್ತಿಕೊಂಡನು.

ಇನ್ನು ಮೂಲ ವ್ಯಾಜ್ಯದ ವಿಷಯ. ಬೆಂಚ್ಲಿಯು ವಿದ್ಯಾರ್ಥಿಯಾಗಿದ್ದಾಗಲೇ, 1910ರಲ್ಲಿ, ಹೇಗ್ ನಗರದ ಪಂಚಾಯಿತಿ ನ್ಯಾಯಮಂಡಲಿಯು ಅಮೆರಿಕ ಬ್ರಿಟನ್ನುಗಳ ವಾದಗಳನ್ನು ಆಲಿಸಿ ತೀರ್ಪು ಕೊಟ್ಟಿತ್ತು. ಕಾಡ್ ಮೀನು ಕಟಕಟೆ ಹತ್ತಲಿಲ್ಲ. 1992ರಲ್ಲಿ ಕೆನಡಾ ಸರ್ಕಾರವು ನ್ಯೂಫೌಂಡ್‌ಲೆಂಡಿನ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು, ಏಕೆಂದರೆ ಹಿಡಿಯುವುದಕ್ಕೆ ಮೀನು ಉಳಿದಿರಲಿಲ್ಲ. ಆದಕಾರಣ ಬೆಂಚ್ಲಿಯ ಆ ಪ್ರೌಢಲೇಖನವನ್ನು ಮರುಮೌಲ್ಯಮಾಪನಕ್ಕೆ ಕಳುಹಿಸತಕ್ಕದ್ದೆಂದು ವಿನಂತಿಸುತ್ತೇವೆ. ಶುಲ್ಕವನ್ನು ಕಟ್ಟಬೇಕಾದವರು ಹಾರ್ವರ್ಡಿನವರೋ ಹೇಗಿನವರೋ ಎಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗದೆ ಉಳಿದಿದೆ.